ಹನ್ನೆರಡನೆಯ ಹೊಗೆ

ಮಿಚಿಕೊ ಅಮ್ಮ ತಮ್ಮ ಚಿತ್ರವನ್ನು ಮೊದಲು ಮೂಸುತ್ತಿದ್ದರು. ನೋಡುವುದೆಲ್ಲ ಆಮೇಲೆ. ಕಾಗದಕ್ಕೆ ಮೂಗು ತಾಗದ ಹಾಗೆ ಬಗ್ಗಿ, ಕಣ್ಣು ಮುಚ್ಚಿ, ನನ್ನ ಹೆಂಡತಿ ಕುದಿಯುವ ಸಾರಿನ ಹದ ನೋಡುವಂತೆ ಉಸಿರೆಳೆದುಕೊಳ್ಳುತ್ತಿದ್ದರು.

ಇಪ್ಪತ್ತು ವರ್ಷಗಳ ಹಿಂದೆ ಜಪಾನಿನಿಂದ ಬಂದು, ಬೆಳ್ಳಾರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಂದು ಮಳೆಗಾಲ ಬಾಡಿಗೆಗಿದ್ದರು. ರಬ್ಬರ್ ಶೀಟು ಒಣಗಿಸುವ ನನ್ನ ಹೊಗೆಮನೆಯೇ ಅವರ ಚಿತ್ರಶಾಲೆ. ಬಣ್ಣವಿಲ್ಲ, ಕುಂಚವಿಲ್ಲ. ಶೀಟುಗಳ ನಡುವೆ ಹನ್ನೆರಡು ಬಿಳಿ ಕಾಗದ ತೂಗುಹಾಕಿ, ರಬ್ಬರ್ ಕಟ್ಟಿಗೆಯ ಹೊಗೆ ತಾನಾಗಿ ಚಿತ್ರ ಬರೆಯಲಿ ಎಂದು ನಲವತ್ತು ದಿನ ಕಾದರು. ಕಾಗದವನ್ನು ಬಿದಿರಿನ ಚಿಮಟದಲ್ಲಲ್ಲದೆ ಕೈಯಿಂದ ಮುಟ್ಟುತ್ತಿರಲಿಲ್ಲ. ನಮ್ಮ ಮಾತನ್ನು ಬೇಗ ಕಲಿತರು. ನಾನು ಬೆಂಕಿ ಕೆದಕಿದರೆ, “ಕುಶಾಲಣ್ಣ, ಅವಸರ ಎಂತಕ್ಕೆ? ಹೊಗೆಗೆ ಪುರುಸೊತ್ತು ಉಂಟು,” ಎನ್ನುತ್ತಿದ್ದರು.

ಅಂಥವರಿಗೆ ನಾನು ಮೋಸ ಮಾಡಿದೆ. ವೀಸಾದ ಕೆಲಸಕ್ಕೆ ಅವರು ಎರಡು ದಿನ ಮಂಗಳೂರಿಗೆ ಹೋಗಿದ್ದಾಗ, ನನ್ನ ಶೀಟು ಬೇಗ ಒಣಗಲಿ ಎಂದು ಒಲೆಗೆ ಒಣ ತೆಂಗಿನ ಗೆರಟೆ ತುಂಬಿದೆ. ಉರಿ ಎದ್ದು ಒಂದು ಕಾಗದ ಸುಟ್ಟುಹೋಯಿತು. ಹೇಳುವ ಧೈರ್ಯ ಬರಲಿಲ್ಲ. ಅವರ ಕಟ್ಟಿನಿಂದ ಹೊಸ ಕಾಗದ ತೆಗೆದು, ಹಸಿ ತೆಂಗಿನ ಸಿಪ್ಪೆಯ ದಟ್ಟ ಹೊಗೆಗೆ ಕೈಯಲ್ಲೇ ಹಿಡಿದು ಕಪ್ಪಾಗಿಸಿ, ಅದೇ ಜಾಗದಲ್ಲಿ ತೂಗುಹಾಕಿದೆ. ವಾಪಸು ಬಂದವರು ಅದನ್ನು ಮೂಸಿ, ಸ್ವಲ್ಪ ಹೆಚ್ಚೇ ಹೊತ್ತು ನಿಂತರು. “ಇದು ಗಟ್ಟಿ ಉಂಟು,” ಎಂದಷ್ಟೇ ಹೇಳಿ, ನನ್ನನ್ನು ಕೂರಿಸಿ ಚಹಾ ಕೊಟ್ಟರು. ಕುಡಿದು ಎದ್ದು ಬಂದೆ.

ಕಳೆದ ವರ್ಷ ಅವರ ಐವತ್ತು ವರ್ಷದ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ಜಪಾನಿನಲ್ಲಿ ದೊಡ್ಡ ಪ್ರದರ್ಶನ ಮಾಡಿದರಂತೆ. ಹೊಗೆಯ ಚಿತ್ರಗಳನ್ನು ಅವು ಹುಟ್ಟಿದ ಊರಿನವರೂ ನೋಡಬೇಕೆಂದು ಅವರೇ ಹಟ ಹಿಡಿದು, ಆ ಪ್ರದರ್ಶನದ ಒಂದು ಭಾಗವನ್ನು ಪುತ್ತೂರಿನ ಸಭಾಂಗಣವೊಂದಕ್ಕೆ ತಂದರು. ಆಮಂತ್ರಣದಲ್ಲಿ ‘ಹನ್ನೆರಡು ಹೊಗೆಗಳು’ ಎಂದಿತ್ತು. ಅವರದು ಹನ್ನೊಂದೇ ಎಂದು ತಿಳಿದವನು ನಾನೊಬ್ಬ. ಅವರ ಜೀವಮಾನದ ಕೆಲಸದ ನಡುವೆ ನನ್ನ ಸುಳ್ಳೂ ತೂಗುತ್ತಿದೆ ಎನಿಸಿತು. ಹೇಳದೆ ಸಾಯಬಾರದು ಎಂದು ಹೊರಟೆ.

ಬಾಗಿಲ ಹತ್ತಿರವೇ ಗಾಲಿಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಕಡೆ ನೋಡದೆ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

“ಗೊತ್ತುಂಟು ಮಾರಾಯ್ರೆ,” ಎಂದರು. “ಅವತ್ತೇ ಗೊತ್ತು. ಸಿಪ್ಪೆಯ ವಾಸನೆ. ನೀವೇ ಹೇಳ್ತೀರಿ ಅಂತ ಚಹಾ ಕೊಟ್ಟದ್ದು. ನೀವು ಕುಡಿದು ಹೋದ್ರಿ.”

ಕೋಪ ಬರಲಿಲ್ಲವೇ ಎಂದು ಕೇಳಿದೆ.

“ಬಂತು. ಕಾಗದಕ್ಕಲ್ಲ, ಚಹಾಕ್ಕೆ.”

ಕುರ್ಚಿಯನ್ನು ನನ್ನಿಂದಲೇ ತಳ್ಳಿಸಿಕೊಂಡು ಗೋಡೆಯವರೆಗೆ ಬಂದರು. ಹನ್ನೆರಡನೆಯ ಚಿತ್ರದ ಮೂಲೆಯಲ್ಲಿ, ಮಸಿಯ ನಡುವೆ ಬೆಳ್ಳಗೆ ನನ್ನ ಹೆಬ್ಬೆರಳು ಕೂತಿದ್ದ ಗುರುತು. ಕೆಳಗಿನ ಚೀಟಿಯಲ್ಲಿ ‘ಕುಶಾಲಪ್ಪ, ಬೆಳ್ಳಾರೆ’ ಎಂದು ಬರೆದಿತ್ತು.

“ಜಪಾನಿನಲ್ಲೂ ಹೀಗೇ ಇಟ್ಟದ್ದು,” ಎಂದರು. “ಎಲ್ಲರೂ ಕೇಳುದು, ಈ ಹೆಬ್ಬೆರಳು ಯಾರದ್ದು ಅಂತ.”

ಹೊರಡುವಾಗ ನನ್ನ ಅಂಗೈ ಹಿಡಿದು ಮೂಸಿದರು. “ಈಗ ಹೊಗೆ ಇಲ್ಲ,” ಎಂದರು. ಹೊಗೆಮನೆ ಮುಚ್ಚಿ ಬಹಳ ವರ್ಷವಾಯಿತು, ಈಗ ಶೀಟು ಮಾಡದೆ ರಬ್ಬರ್ ಹಾಲನ್ನೇ ಮಾರಿಬಿಡುತ್ತೇವೆ ಎಂದೆ. ಅದೇ ನಮ್ಮ ಕೊನೆಯ ಮಾತು. ಮೂರು ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಪ್ರದರ್ಶನ ನೋಡಿ ಮನೆಗೆ ಮರಳಿದ ಆ ಸಂಜೆ, ಬಸ್ಸು ಸವಣೂರು ದಾಟುವಾಗ ನನ್ನ ಕಣ್ಣು ಮುಚ್ಚಿತು. ಬೆಳ್ಳಾರೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಸುಳ್ಯದಲ್ಲಿ ಕಂಡಕ್ಟರ್ ಭುಜ ಅಲುಗಾಡಿಸಿ, “ಎಂತ ನಿದ್ರೆ ಅಜ್ಜ ನಿಮ್ದು,” ಎಂದ.