ಬುಧವಾರದ ಕ್ಲಾಸಿನಲ್ಲಿ ಭಾವ

ಕಳೆದ ವಾರ ಮಗಳ ಶಾಲೆಯ ಥಿಯೇಟರಿನಲ್ಲಿ ಪೋಷಕರ ಸಭೆ ಇತ್ತು. ಸಿಡ್ನಿಯ ನಾರ್ವೆಸ್ಟಿನ ಆಫೀಸುಗಳಿಂದ ನೇರವಾಗಿ ಬಂದವರು, ಕೊರಳಿನ ಐಡಿ ಕಾರ್ಡನ್ನು ತೆಗೆಯಲು ಮರೆತವರು, ನನ್ನ ಹಾಗೆ ಪಾರ್ಕಿಂಗ್ ಸಿಗದೆ ತಡವಾಗಿ ನುಗ್ಗಿ ಯಾರದೋ ಕಾಲು ತುಳಿದು ಸಾರಿ ಕೇಳಿದವರು, ಎಲ್ಲರೂ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದೆವು. ವೇದಿಕೆಯ ಮೇಲೆ ಒಬ್ಬ ಟೀಚರ್ ಮುಂದಿನ ಎರಡು ವರ್ಷಗಳಲ್ಲಿ ಆರಿಸಿಕೊಳ್ಳಬಹುದಾದ ವಿಷಯಗಳನ್ನು ವಿವರಿಸುತ್ತಿದ್ದರು. ಶಾಲೆಯಲ್ಲಿ ಇರುವಾಗಲೇ ವಿಶ್ವವಿದ್ಯಾಲಯದ ಒಂದು ವಿಷಯ ಓದಬಹುದು, ಅದು ಮುಂದೆ ಡಿಗ್ರಿಯ ಲೆಕ್ಕಕ್ಕೂ ಸೇರುತ್ತದೆ ಎಂದು ಅವರು ಹೇಳುತ್ತಿದ್ದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ಮಡಚಿಕೊಳ್ಳುವ ಕುರ್ಚಿ ಧಡ್ ಎಂದು ಹಿಂದಕ್ಕೆ ಬಡಿಯಿತು.

ನಾನು ಬೆಚ್ಚಿ ತಿರುಗಿದೆ. ಯಾರೋ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋಗುತ್ತಿದ್ದರು, ಅಷ್ಟೇ. ಆದರೆ ಆಮೇಲೆ ಟೀಚರ್ ಹೇಳಿದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ.

"ಅಮ್ಮಾ, ಸ್ಟಾಪ್ ಶೇಕಿಂಗ್ ಯುವರ್ ಲೆಗ್," ಎಂದಳು ಮಗಳು.

ಕಾಲು ಅಲ್ಲಾಡುತ್ತಿದ್ದುದು ನನಗೇ ಗೊತ್ತಿರಲಿಲ್ಲ. ಆ ಕುರ್ಚಿಯ ಸದ್ದನ್ನು ನಾನು ಹಿಂದೊಮ್ಮೆ ಮೆಲ್ಬರ್ನಿನಲ್ಲಿ ಕೇಳಿದ್ದೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ. ಕಂಡಷ್ಟನ್ನೇ ಹೇಳುತ್ತೇನೆ. ಯಾಕೆಂದರೆ ಆ ದಿನದ ಬಗ್ಗೆ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ತೀರ್ಪಿದೆ, ನನಗೆ ಮಾತ್ರ ಇವತ್ತಿಗೂ ಇಲ್ಲ.

ಆಗ ನನ್ನ ಮಗಳು ಇನ್ನೂ ಪ್ರೈಮರಿಯಲ್ಲಿದ್ದಳು. ಮ್ಯಾಕ್ವೆರಿ ಪಾರ್ಕಿನ ನನ್ನ ಆಫೀಸು ಯಾವುದೋ ಪ್ರಾಜೆಕ್ಟಿಗೆಂದು ಕೆಲವು ತಿಂಗಳು ನನ್ನನ್ನು ಮೆಲ್ಬರ್ನಿಗೆ ಕಳಿಸಿತ್ತು. ವಾರದ ದಿನಗಳಲ್ಲಿ ಅಕ್ಕನ ಮನೆ, ವಾರಾಂತ್ಯಕ್ಕೆ ಸಿಡ್ನಿ. ಎರಡೂ ಕಡೆ ನನ್ನ ಟೂತ್‌ಬ್ರಶ್ ಇರುತ್ತಿತ್ತು. ಬೇಕಾದ ಬಟ್ಟೆ ಮಾತ್ರ ಯಾವಾಗಲೂ ಇನ್ನೊಂದು ಊರಿನಲ್ಲಿರುತ್ತಿತ್ತು.

ಅಕ್ಕನ ಮಗಳು ನಿಧಿ ಆ ವರ್ಷ ಹನ್ನೆರಡನೇ ತರಗತಿ. ಗಣಿತದಲ್ಲಿ ಚುರುಕಾಗಿದ್ದಾಳೆ ಎಂದು ಶಾಲೆಯವರೇ ಶಿಫಾರಸು ಮಾಡಿ ಅವಳನ್ನು ವಿಶ್ವವಿದ್ಯಾಲಯದ ಮೊದಲ ವರ್ಷದ ಗಣಿತಕ್ಕೆ ಸೇರಿಸಿದ್ದರು. ವಾರದ ಉಳಿದ ದಿನ ಯೂನಿಫಾರ್ಮು, ಲಾಕರು, ಗಂಟೆ. ಬುಧವಾರ ಮಧ್ಯಾಹ್ನ ಮಾತ್ರ ಜೀನ್ಸ್ ಹಾಕಿಕೊಂಡು ಕ್ಯಾಂಪಸ್ಸಿಗೆ ಹೋಗಿ, ತನಗಿಂತ ದೊಡ್ಡವರ ನಡುವೆ ಕುಳಿತು ಪಾಠ ಕೇಳುವುದು. ಅಕ್ಕ ಇದನ್ನು ಕನ್ನಡದವರ ಒಂದು ಪಾಟ್‌ಲಕ್ ಊಟದಲ್ಲಿ ಹೇಳಿದಾಗ, ಪುಳಿಯೋಗರೆ ಬಡಿಸಿಕೊಳ್ಳುತ್ತಿದ್ದ ಆಂಟಿಯೊಬ್ಬರು, "ಅಂದ್ರೆ ಡಬಲ್ ಪ್ರಮೋಶನ್ನಾ?" ಎಂದರು. ಅಕ್ಕ ಅಲ್ಲ ಎನ್ನಲು ಬಾಯಿ ತೆರೆದವಳು ಯಾಕೋ ಹಾಗೇ ಮುಚ್ಚಿಕೊಂಡಳು.

ನಿಧಿಗೆ ಅದು ಬೇರೆಯೇ ಆಗಿತ್ತು. ಒಮ್ಮೆ ಕಾರಿನಲ್ಲಿ ಹೋಗುವಾಗ, ಕ್ಲಾಸು ಹೇಗಿದೆಯೇ ಎಂದು ಕೇಳಿದೆ. ನಾನು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಕೊಡುವವಳು ಅಂದು ಕನ್ನಡವನ್ನೂ ಬೆರೆಸಿ ಹೇಳಿದಳು.

"ಅಲ್ಲಿ ಯಾರಿಗೂ ನಾನ್ ಯಾರೂಂತ ಗೊತ್ತಿಲ್ಲ, ಚಿಕ್ಕಿ. ಇಟ್ಸ್ ಸೋ ನೈಸ್. ಐ ಜಸ್ಟ್ ಸಿಟ್ ದೇರ್."

ಸುಮ್ಮನೆ ಕುಳಿತಿರುವುದು ಇಷ್ಟೊಂದು ಸುಖವೇ ಎಂದು ನನಗೆ ಆಶ್ಚರ್ಯವಾಗಿತ್ತು. ಮನೆಯಲ್ಲಿ ಮಗಳು, ಶಾಲೆಯಲ್ಲಿ ಜಾಣೆ, ಕನ್ನಡ ಸಂಘದಲ್ಲಿ ಪ್ರಾರ್ಥನೆ ಹಾಡುವ ಹುಡುಗಿ. ಏನೂ ಆಗಿರಬೇಕಾಗಿಲ್ಲದ ಜಾಗ ಅವಳಿಗೆ ಆ ಬುಧವಾರ ಒಂದೇ.

ಇನ್ನು ಭಾವ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದು, ಕಾಯಂ ವಾಸದ ಪಿಆರ್ ಪಡೆದು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ನೆಲೆಸಿದವರು. ಮಾತು ಕಡಿಮೆ. ಮನೆಯಲ್ಲಿ ಅವರ ಮಾತೆಂದರೆ ಹೀಟರ್ ಆಫ್ ಮಾಡಿದ್ರಾ, ಹಿಂದಿನ ಬಾಗಿಲು ಹಾಕಿದ್ರಾ, ನಾಳೆ ಕಸದ ಯಾವ ಬಿನ್ ಹೊರಗಿಡ್ಬೇಕು. ಇಂಥವರು ಬುಧವಾರಗಳಂದು ಮನೆಯಿಂದಲೇ ಕೆಲಸ ಮಾಡುವುದಾಗಿ ಆಫೀಸಿನಲ್ಲಿ ಹೇಳಿ, ಮಗಳನ್ನು ಕ್ಯಾಂಪಸ್ಸಿಗೆ ಬಿಟ್ಟು, ಅಲ್ಲೇ ಕಾಯತೊಡಗಿದರು.

ಕಾಯುವುದು ನಮಗೆ ಹೊಸದಲ್ಲವಷ್ಟೆ. ನನ್ನ ಸೆಕೆಂಡ್ ಪಿಯುಸಿ ಪರೀಕ್ಷೆಗಳಲ್ಲಿ ಅಪ್ಪ ಮೈಸೂರಿನ ಬಿಸಿಲಿನಲ್ಲಿ ಕಾಲೇಜಿನ ಗೇಟಿನಾಚೆ ಗ್ಲೂಕೋಸ್ ಪೊಟ್ಟಣ ಹಿಡಿದು ನಿಂತಿರುತ್ತಿದ್ದರು. ಅಪ್ಪಂದಿರ ಒಂದು ಸಾಲೇ ಇರುತ್ತಿತ್ತು. ಪರೀಕ್ಷೆಯ ವರ್ಷ ಮನೆಯಲ್ಲಿ ಟಿವಿ ಹಾಕುವಂತಿರಲಿಲ್ಲ, ನೆಂಟರು ಬರುವಂತಿರಲಿಲ್ಲ. "ಈ ವರ್ಷ ನಮಗೆ ಸೆಕೆಂಡ್ ಪಿಯು" ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ನನಗೆ ಕೆಮಿಸ್ಟ್ರಿಯಲ್ಲಿ ಬಂದ ಅಂಕ ನೋಡಿದರೆ ಮನೆಯವರೆಲ್ಲ ಸೇರಿ ಅಷ್ಟೇನೂ ಚೆನ್ನಾಗಿ ಓದಿರಲಿಲ್ಲ ಎನ್ನಬೇಕು. ಇರಲಿ.

ಭಾವ ಮೊದಲು ಕಾರಿನಲ್ಲೇ ಕಾದರು. ಚಳಿ ಹೆಚ್ಚಾದಾಗ ಲೈಬ್ರರಿಗೆ ಹೋದರು. ಆಮೇಲೊಂದು ದಿನ ಪಾಠ ನಡೆಯುವ ಹಾಲ್‌ಗೇ ಹೋದರು. ನನಗೆ ಹೇಳಿದ್ದು ಗ್ಯಾರೇಜಿನಲ್ಲಿ, ಮೆಲ್ಲಗೆ.

"ಯಾರೂ ಕೇಳಾಂಗಿಲ್ಲ ನೋಡಮ್ಮ. ಬಾಗಿಲು ತೆಗೆದೇ ಇರ್ತದೆ. ಕೊನೇ ಸಾಲಿನಾಗೆ ಕೂತ್ರೆ ನಿಧಿಗೂ ಕಾಣಲ್ಲ."

"ಅವಳಿಗೆ ಗೊತ್ತಾದ್ರೆ, ಭಾವ?"

"ಏನಾಗ್ತದೆ? ಅವಳಿಗೆ ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ನಾನು ಹೇಳಿಕೊಡಬಹುದಲ್ಲ."

ಒಂದು ಬುಧವಾರ ನನಗೆ ಬಿಡುವಿತ್ತು. ಕ್ಯಾಂಪಸ್ ನೋಡೋಣ ಎಂದು ನಾನೂ ಜೊತೆಗೆ ಹೋದೆ. ನಿಧಿಯನ್ನು ಇಳಿಸಿ, ಅವಳು ಕಣ್ಮರೆಯಾದ ಮೇಲೆ ಕಾರು ನಿಲ್ಲಿಸಿ, ಇಬ್ಬರೂ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆವು. ಹಾಲ್ ಕೆಳಗಡೆಗೆ ಇಳಿಜಾರಾಗಿತ್ತು. ಕೆಳಗೆ, ಮುಂದಿನ ಸಾಲುಗಳ ನಡುವೆ ನಿಧಿಯ ಜಡೆ ಕಾಣುತ್ತಿತ್ತು. ಪಾಠ ಮಾಡುತ್ತಿದ್ದವರು ನರೆಗೂದಲ ಹೆಂಗಸು. ಎರಡು ಮ್ಯಾಟ್ರಿಕ್ಸುಗಳನ್ನು ಗುಣಿಸುವುದನ್ನು ತೋರಿಸುತ್ತಿದ್ದರು. ನಾನೂ ಒಂದು ಕಾಲದಲ್ಲಿ ಮಾಡಿದ್ದೇ. ಅಡ್ಡ ಸಾಲು, ಉದ್ದ ಸಾಲು, ಗುಣಿಸು, ಕೂಡಿಸು.

ನಾನು ಬೋರ್ಡು ಬಿಟ್ಟು ಭಾವನನ್ನು ನೋಡಿದೆ. ಅವರ ಬಾಯಿ ಸ್ವಲ್ಪ ತೆರೆದಿತ್ತು. ಹುಬ್ಬು ಮೇಲೇರಿತ್ತು. ಅವರ ಮದುವೆಯ ಓಲಗದ ನಡುವೆಯಾಗಲಿ, ಮಗಳನ್ನು ಮೊದಲು ಎತ್ತಿಕೊಂಡ ಗಳಿಗೆಯಲ್ಲಾಗಲಿ, ಮನೆಯ ಮಾರ್ಟ್‌ಗೇಜ್ ಮಂಜೂರಾದ ದಿನವಾಗಲಿ ಆ ಮುಖವನ್ನು ನಾನು ಕಂಡಿರಲಿಲ್ಲ. ಮಗಳಿಗೆ ಹೇಳಿಕೊಡುವ ಅಪ್ಪನ ಮುಖ ಅದಲ್ಲ. ಹಸಿದವರನ್ನು ಯಾರೋ ಊಟಕ್ಕೆ ಕರೆದ ಹಾಗಿತ್ತು.

ಆಮೇಲೆ ಅವರು ಕೈ ಎತ್ತಿದರು. ಬೇಡ ಎಂದು ನಾನು ಅವರ ತೋಳು ಹಿಡಿಯುವಷ್ಟರಲ್ಲಿ ಎದ್ದೂ ಬಿಟ್ಟರು.

ಈ ದೇಶದ ಕ್ಲಾಸಿನಲ್ಲಿ ಯಾರೂ ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ. ಕುಳಿತಲ್ಲಿಂದಲೇ, ಕಾಫಿ ಕಪ್ಪು ಹಿಡಿದೇ ಕೇಳುತ್ತಾರೆ. ಭಾವನಿಗೆ ಅದು ಗೊತ್ತಿತ್ತೋ ಇಲ್ಲವೋ. ಗುರುಗಳನ್ನು ಕೇಳುವಾಗ ನಿಲ್ಲಬೇಕೆಂದು ಅವರ ಕಾಲುಗಳಿಗೆ ಗೊತ್ತಿತ್ತು. ಅವರು ಎದ್ದಾಗ ಕುರ್ಚಿ ಧಡ್ ಎಂದಿತು. ಅಷ್ಟು ದೊಡ್ಡ ಹಾಲ್ ಪೂರ್ತಿ ತಿರುಗಿ ನೋಡಿತು.

"ಮೇಡಂ, ಒನ್ ಡೌಟ್," ಎಂದರು ಭಾವ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದರು. "ವೀ ಆಲ್ವೇಸ್ ಮಲ್ಟಿಪ್ಲೈ ಲೈಕ್ ದಿಸ್. ಬಟ್ ವೈ ಲೈಕ್ ದಿಸ್ ಓನ್ಲಿ? ಹೂ ಡಿಸೈಡೆಡ್?"

ಎಲ್ಲೋ ಒಂದು ಕಡೆ ಯಾರೋ ನಕ್ಕರು. ಪಾಠ ಮಾಡುತ್ತಿದ್ದವರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಬಹಳ ಒಳ್ಳೆಯ ಪ್ರಶ್ನೆ ಎಂದರು. ಹಾಗೆ ಹೇಳುವುದು ಅವರ ಅಭ್ಯಾಸವಿರಬಹುದು. ಆದರೆ ಬೋರ್ಡು ಒರೆಸಿ, ಹೊಸದಾಗಿ ಎರಡು ಬಾಣ ಬರೆದು ನಿಧಾನವಾಗಿ ಉತ್ತರ ಹೇಳತೊಡಗಿದರು. ಭಾವ ನಿಂತೇ ಕೇಳಿದರು.

ನಾನು ಕಂಡದ್ದು ಇಷ್ಟು. ಎಲ್ಲ ತಲೆಗಳೂ ನಮ್ಮ ಕಡೆ ತಿರುಗಿದ್ದವು. ಒಂದು ಮಾತ್ರ ತಿರುಗಿರಲಿಲ್ಲ. ನಿಧಿಯ ಜಡೆ ಹಾಗೇ ಇತ್ತು, ಅಲ್ಲಾಡಲಿಲ್ಲ. ಧ್ವನಿ ಯಾರದೆಂದು ತಿಳಿಯಲು ಅವಳು ತಿರುಗಬೇಕಾಗಿರಲಿಲ್ಲ. ಆಮೇಲೆ ಅವಳು ಬಗ್ಗಿ, ಬ್ಯಾಗು ತೆಗೆದುಕೊಂಡು, ಸದ್ದಾಗದಂತೆ ಕುರ್ಚಿಯನ್ನು ಕೈಯಲ್ಲಿ ಹಿಡಿದು ಮಡಚಿ, ಕೆಳಗಿನ ಬಾಗಿಲಿನಿಂದ ಹೊರಗೆ ಹೋದಳು. ಭಾವ ಬೋರ್ಡನ್ನು ನೋಡುತ್ತಿದ್ದರು.

"ಭಾವ, ನಿಧಿ ಹೋದ್ಳು."

"ಹಾಂ? ವಾಶ್‌ರೂಮಿಗೆ ಹೋಗಿರ್ತಾಳೆ. ತಡಿ, ಇದೊಂದು ಮುಗೀಲಿ."

ಪಾಠ ಮುಗಿಯುವವರೆಗೂ ಅವಳು ಬರಲಿಲ್ಲ. ಫೋನ್ ಆಫ್. ಪಾಠದ ನಂತರ ಅವಳ ಗುಂಪಿಗೆ ಲೆಕ್ಕ ಬಿಡಿಸುವ ತರಗತಿ ಇರುತ್ತಿತ್ತು. ಆ ಕೋಣೆಯ ಗಾಜಿನಲ್ಲಿ ಇಣುಕಿದೆವು, ಅಲ್ಲಿರಲಿಲ್ಲ. ಲೈಬ್ರರಿ, ಕ್ಯಾಂಟೀನು, ಬಸ್ ಸ್ಟಾಪು. ಚಳಿಗಾಲದ ಸಂಜೆ ಬೇಗ ಕಪ್ಪಾಗುತ್ತಿತ್ತು. ಭಾವ ನಡೆಯುವುದನ್ನು ಬಿಟ್ಟು ಓಡತೊಡಗಿದರು. ಜಡೆ ಹಾಕಿದ ಯಾರನ್ನೇ ಕಂಡರೂ "ನಿಧೀ" ಎಂದು ಕೂಗುತ್ತಿದ್ದರು. ತಿರುಗಿದ ಹುಡುಗಿಯರಿಗೆ ಕೈಮುಗಿದು ಮುಂದೆ ಹೋಗುತ್ತಿದ್ದರು. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಸ್ಕೂಲಿಂದ ಮೆಸೇಜ್ ಏನೂ ಬಂದಿಲ್ವಲ್ಲೇ?" ಎಂದಳು ಅಕ್ಕ.

ಮಗು ಒಂದು ಪೀರಿಯಡ್ ತಪ್ಪಿಸಿಕೊಂಡರೂ ಶಾಲೆಯಿಂದ ಮನೆಗೆ ಮೆಸೇಜ್ ಬರುತ್ತದೆ. ಬರಲಿಲ್ಲ ಎಂದರೆ ಮಗು ಕ್ಲಾಸಿನಲ್ಲಿದೆ ಎಂದು ನಾವೆಲ್ಲ ನಿಶ್ಚಿಂತೆಯಾಗಿರುತ್ತೇವೆ. "ಇದು ಸ್ಕೂಲಲ್ಲ ಕಣೆ, ಇಲ್ಲಿ ಯಾರೂ ಯಾರಿಗೂ ಮೆಸೇಜ್ ಮಾಡಲ್ಲ," ಎಂದೆ.

ಕ್ಯಾಂಪಸ್ಸಿನ ಸೆಕ್ಯುರಿಟಿಯವನು ಸಭ್ಯನಾಗಿದ್ದ. ಹುಡುಗಿ ಇಲ್ಲಿನ ವಿದ್ಯಾರ್ಥಿನಿಯೇ ಎಂದು ಕೇಳಿದ. ಭಾವ ಹೌದು ಎಂದರು. ಅಲ್ಲ ಎಂದರು. ಸ್ಕೂಲು ಎಂದರು. ಆಮೇಲೆ ಇಂಗ್ಲಿಷ್ ಮರೆತವರಂತೆ ನನ್ನ ಕಡೆ ತಿರುಗಿ, "ನೀನ್ ಹೇಳಮ್ಮ," ಎಂದರು. ನಾನು ಹೇಳುತ್ತಿರುವಾಗಲೇ ಅಕ್ಕನ ಫೋನ್ ಬಂತು. ನಿಧಿ ಬಸ್ಸಿನಲ್ಲಿ ಮನೆಗೆ ಬಂದಿದ್ದಾಳೆ.

ನಾವು ಮನೆ ಸೇರಿದಾಗ ಅವಳು ಅಡುಗೆಮನೆಯಲ್ಲಿ ನಿಂತು ಟೋಸ್ಟ್ ತಿನ್ನುತ್ತಿದ್ದಳು. ಅತ್ತ ಗುರುತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಎಲ್ಲಿ ಹೋಗಿದ್ದೆ?" ಎಂದರು ಭಾವ. "ಇಡೀ ಕ್ಯಾಂಪಸ್ ಹುಡುಕಿದೆ. ಕಳೆದ್ಹೋದೆ ಅಂದ್ಕೊಂಡೆ."

"ಐ ವಾಸಂಟ್ ಲಾಸ್ಟ್, ಅಪ್ಪಾ. ಐ ವಾಸ್ ಇನ್ ಕ್ಲಾಸ್."

ತನ್ನ ಗುಂಪಿಗೆ ಹೋದರೆ ಅಪ್ಪ ಬರುತ್ತಾರೆಂದು, ಬೇರೆ ಕಟ್ಟಡದಲ್ಲಿ ಇನ್ನೊಂದು ಗುಂಪಿನ ಜೊತೆ ಕುಳಿತು ಅವತ್ತಿನ ಲೆಕ್ಕಗಳನ್ನು ಮುಗಿಸಿ ಬಂದಿದ್ದಳು. ನಾವು ಅವಳ ಹೆಸರು ಕೂಗುತ್ತ ಓಡುತ್ತಿದ್ದಾಗ ಅವಳು ಮ್ಯಾಟ್ರಿಕ್ಸ್ ಗುಣಿಸುತ್ತಿದ್ದಳು. ಹೀಗೆಂದು ತಿಳಿದಾಗ ಅಕ್ಕನಿಗೆ ನಗು ಬಂತು, ಮರುಕ್ಷಣವೇ ಅಳು ಬಂತು.

ನಿಧಿ ತಟ್ಟೆ ತೊಳೆದಿಟ್ಟಳು. ಈ ಶುಕ್ರವಾರದವರೆಗೆ ವಿಶ್ವವಿದ್ಯಾಲಯದ ಗಣಿತವನ್ನು ಬಿಡಬಹುದು, ಬಿಟ್ಟರೆ ಎಲ್ಲೂ ದಾಖಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: "ನೀವ್ ಬಂದ್ರೆ ನಾನ್ ಬಿಡ್ತೀನಿ. ನಂಗೆ ಅದು ಇಷ್ಟ, ಅಪ್ಪಾ. ಆದ್ರೆ ಬಿಡ್ತೀನಿ."

ಅಕ್ಕ ಏನೋ ಹೇಳಹೊರಟಳು. ಭಾವ ಕೈ ಅಡ್ಡ ಹಿಡಿದು ತಡೆದರು. "ಬಿಡಬ್ಯಾಡ," ಎಂದರು. ಅಷ್ಟೇ ಹೇಳಿ, ಬಿನ್ ಹೊರಗಿಡಲು ಹೋದರು.

ಮುಂದಿನ ಬುಧವಾರ ನಿಧಿ ಬಸ್ಸಿನಲ್ಲಿ ಹೋದಳು. ನಾನು ಅಂದು ಮನೆಯಿಂದ ಕೆಲಸ ಮಾಡುತ್ತಿದ್ದೆ. ಪಾಠದ ಹೊತ್ತಿಗೆ ಭಾವ ಲ್ಯಾಪ್‌ಟಾಪ್ ಬಿಟ್ಟು ಎದ್ದು ಬಂದು, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದರು. ಹಿತ್ತಲಿಗೆ ಹೋದರು, ಬಂದರು. ಕಿಟಕಿಯ ಹತ್ತಿರ ನಿಂತು ಗಾಜಿನ ಮೇಲೆ ಬೆರಳಿನಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಿಲ್ಲಿಸಿದರು. ನಿಧಿ ಬಂದಾಗ ಇವತ್ತು ಏನು ಪಾಠ ಎಂದು ಕೇಳಲಿಲ್ಲ. ವರ್ಷ ಮುಗಿಯುವವರೆಗೂ ಕೇಳಲಿಲ್ಲ. ಅವಳು ಆ ವಿಷಯ ಮುಗಿಸಿದಳು, ಈಗ ಅದರಲ್ಲೇ ಮುಂದೆ ಓದುತ್ತಿದ್ದಾಳೆ. "ನೀವೇ ಒಂದು ವಿಷಯಕ್ಕೆ ಸೇರಿಕೊಳ್ಳಿ, ಭಾವ," ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಸುಮ್ನಿರಮ್ಮ, ಮಕ್ಕಳು ನಗ್ತಾರೆ," ಎಂದರು.

ಅವಳ ಜಾಗ ಅವಳಿಗೆ ಉಳಿಯಿತು, ಸರಿ. ಅದು ಉಳಿಯಲೇಬೇಕಿತ್ತು. ಆದರೆ ಆ ಮಧ್ಯಾಹ್ನ ಆ ಹಾಲ್‌ನಲ್ಲಿ ಉತ್ತರಕ್ಕಾಗಿ ಅಷ್ಟು ಹಸಿದು ನಿಂತವರು ಒಬ್ಬರೇ ಇದ್ದರು, ಅವರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೆಮ್ಮದಿಯಾಗಿ ಕೂರುವುದು ನನಗೆ ಇನ್ನೂ ಬಂದಿಲ್ಲ.

ಸಭೆ ಮುಗಿದು ಕಾರಿಗೆ ನಡೆಯುವಾಗ ಮಗಳು, ತಾನು ಆ ಯೂನಿವರ್ಸಿಟಿ ಗಣಿತಕ್ಕೆ ಅರ್ಜಿ ಹಾಕುತ್ತೇನೆ ಎಂದಳು. ತರಗತಿಗಳು ನಡೆಯುವುದು ಮ್ಯಾಕ್ವೆರಿ ಪಾರ್ಕಿನ ಕಡೆ, ನನ್ನ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. "ಯು ಕುಡ್ ಡ್ರಾಪ್ ಮೀ," ಎಂದಳು. "ಮೆಟ್ರೋ ಇದೆಯಲ್ಲ," ಎಂದೆ. ಅಷ್ಟು ಬೇಗ ಹೇಳಿದ್ದಕ್ಕೆ ಅವಳು ನನ್ನ ಮುಖ ನೋಡಿದಳು.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಭಾವ. ಸುದ್ದಿ ಹೇಳಿದೆ.

"ಯಾವ ಸಬ್ಜೆಕ್ಟು?"

"ಮ್ಯಾಥ್ಸು, ಭಾವ."

"ಸಿಲಬಸ್ ಇದ್ರೆ ಕಳಿಸ್ತೀಯಾ?" ಎಂದರು. ಕೂಡಲೇ, "ಬ್ಯಾಡ ಬ್ಯಾಡ. ಮೊದ್ಲು ಅವಳನ್ನ ಕೇಳು."

ಫೋನ್ ಹಿಡಿದುಕೊಂಡೇ ಮಗಳ ಕೋಣೆಗೆ ಹೋಗಿ ಕೇಳಿದೆ. ಅವಳು ಹೆಡ್‌ಫೋನ್ ತೆಗೆದು, "ದೊಡ್ಡಪ್ಪನಿಗೆ ಸಿಲಬಸ್ಸಾ? ವೈ?" ಎಂದಳು.

"ಓದೋಕೆ."

"ಓಕೆ. ಕಳ್ಸು. ಡೌಟ್ ಇದ್ರೆ ನನ್ನೇ ಕೇಳ್ಲಿ, ಐ ಡೋಂಟ್ ಮೈಂಡ್."

ಅದನ್ನು ಹಾಗೇ ಭಾವನಿಗೆ ತಲುಪಿಸಿದೆ.

"ಕೇಳ್ತೀನಿ," ಎಂದರು. "ಈಗಲೇ ಅಲ್ಲ. ಮೊದ್ಲು ಅವಳು ಒಬ್ಬಳೇ ಸ್ವಲ್ಪ ದಿನ ಕ್ಲಾಸಿಗೆ ಹೋಗ್ಲಿ."