ಮಗ್ಗದ ಮನೆಗೆ ಬಂದ ಎಮ್ಮೆ

ನಾನು ಚಿಕ್ಕವನಿದ್ದಾಗ ಗುಳೇದಗುಡ್ಡದ ನಮ್ಮ ಇದೇ ಮನೆಯ ಪಡಸಾಲೆಯಲ್ಲಿ ಒಂದು ಕುಣಿ ಇತ್ತು. ಈಗ ನೀವು ಮಕ್ಕಳು ಊಟದ ತಾಟು ಹಿಡಿದು ಟಿವಿ ಮುಂದೆ ಕೂರುತ್ತೀರಲ್ಲ, ಸರಿಯಾಗಿ ಅದೇ ಜಾಗ. ಕುಣಿ ಅಂದರೆ ಕೈಮಗ್ಗದ ಕುಣಿ. ಅಪ್ಪ ಅದರ ಅಂಚಿಗೆ ಕೂತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ತಳದ ಹಲಗೆಗಳನ್ನು ತುಳಿಯುತ್ತ ಕುಬುಸದ ಖಣ ನೇಯುತ್ತಿದ್ದ. ಅವನ ಎದೆಯ ಮುಂದಿನಿಂದ ಎದುರು ಗೋಡೆಯತನಕ ಉದ್ದಕ್ಕೆ ಬಿಗಿದ ಎಳೆಗಳು. ಅದಕ್ಕೆ ಹಾಸು ಅನ್ನುತ್ತೇವೆ. ಅಡ್ಡ ನೂಲು ಒಯ್ಯುವ ಲಾಳಿ ಅತ್ತಿಂದಿತ್ತ ಓಡುವ ಸದ್ದಿಗೇ ನಾವು ಏಳುತ್ತಿದ್ದೆವು, ಆ ಸದ್ದಿಗೇ ನಿದ್ದೆ ಹೋಗುತ್ತಿದ್ದೆವು. ಸದ್ದು ನಿಂತರೆ ಅವ್ವ ಒಲೆ ಬಿಟ್ಟು ಎದ್ದು ಬಂದು, "ಯಾಕ, ಏನಾತು?" ಎಂದು ಕೇಳುತ್ತಿದ್ದಳು.

ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ನಮ್ಮ ಬಾಳು. ಒಂದು ಮೂಲೆಯಲ್ಲಿ ಅವ್ವನ ಒಲೆ, ಇನ್ನೊಂದು ಮೂಲೆಯಲ್ಲಿ ಅಕ್ಕನ ರಾಟಿ. ಅಕ್ಕ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ನಾನು ಅವಳ ಪಕ್ಕ ಕೂತು ತುಂಬಿದ ಕಂಡಿಕೆಗಳನ್ನು ಅಪ್ಪನಿಗೆ ಕೊಡುತ್ತಿದ್ದೆ. ಮನೆಯಲ್ಲಿ ಯಾವಾಗಲೂ ಎರಡು ವಾಸನೆ: ನೂಲಿಗೆ ಹಚ್ಚಿದ ಗಂಜಿಯದು, ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯದು.

ಆ ವರ್ಷ ಬಡವರ ಮನೆಗೆ ದುಡಿಯಲು ಏನಾದರೂ ಕೊಡುವ ಸರಕಾರದ ಯೋಜನೆ ಬಂತು. ನಮ್ಮ ಮಗ್ಗದ ಕಟ್ಟಿಗೆಗೆ ಹುಳ ಹಿಡಿದಿತ್ತು. ಅಪ್ಪ ಒಂದು ಹೊಸ ಮಗ್ಗ ಕೊಡಿ ಎಂದು ಕೇಳಿಕೊಂಡು ಬಂದ. ಬಹಳ ದಿನ ಕಾದ ಮೇಲೆ ಕಚೇರಿಯಿಂದ ಕರೆ ಬಂತು. ಹೋದರೆ ಅಲ್ಲಿದ್ದ ಸಾಹೇಬರು, "ಮಗ್ಗ ಎಲ್ಲಾ ಹಂಚಿ ಮುಗದಾವ. ಎಮ್ಮಿ ಅಷ್ಟ ಉಳದಾವ. ತೊಗೊಂಡ್ರ ತೊಗೊ, ಇಲ್ಲಾಂದ್ರ ಈ ವರ್ಷ ಅದೂ ಹೋಗ್ತೈತಿ" ಅಂದರಂತೆ. ಕೆಟ್ಟವರೇನಲ್ಲ ಅವರು. ಅವರ ಕೈಯಲ್ಲಿ ಉಳಿದದ್ದೇ ಎಮ್ಮೆ. ಅಪ್ಪ ಬರಿಗೈಲಿ ಬರುವುದು ಹೇಗೆಂದು ಹೂಂ ಅಂದ. ಅದನ್ನು ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಸಾಹೇಬರು ಬಂದಾಗ ತೋರಿಸಬೇಕು. ಗುರುತಿಗೆ ಅದರ ಕಿವಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ.

ಸಾಹೇಬರು ಅಮೀನಗಡದ ಸಂತೆಯಲ್ಲಿ ಕೊಡಿಸಿದ ಎಮ್ಮೆಯನ್ನು ಅಪ್ಪ ನಡೆಸಿಕೊಂಡು ಬಂದ ಸಂಜೆ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ಅಪ್ಪ ಹಗ್ಗವನ್ನು ರೇಷ್ಮೆ ಎಳೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದ. ಎಮ್ಮೆಯೇ ಅವನನ್ನು ಮನೆಗೆ ಕರೆತಂದಂತೆ ಕಾಣುತ್ತಿತ್ತು. ಎದುರು ಮನೆಯ ಕಾಕಾ, ಅವನೂ ನೇಕಾರನೇ, ಕಟ್ಟೆಯ ಮೇಲಿಂದ ಕೇಳಿದ: "ಏನಲೇ, ಇದನ್ನ ಕುಣ್ಯಾಗ ಕುಂದ್ರಿಸಿ ಖಣ ನೇಯಸ್ತಿ ಏನ?"

"ಹೂಂ, ನಿನಗಿಂತ ಛಲೋ ನೇಯ್ತೈತಿ ಬಿಡು," ಅಂದ ಅಪ್ಪ. ಎಲ್ಲರೂ ನಕ್ಕರು.

ಆದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಮ್ಮೆ ಮಾಯ. ಹುಡುಕಿದರೆ ಬಸ್ಸಿನ ರಸ್ತೆಯಲ್ಲಿ ನಿಂತಿತ್ತು. ಅಪ್ಪ ಅದನ್ನು ಬಾಗಿಲ ಕಲ್ಲಿಗೆ ಕಟ್ಟಿದ್ದನೇನೋ ಹೌದು, ಆದರೆ ಹಾಕಿದ್ದು ನೂಲಿನ ಗಂಟು. ಎಳೆ ಕಡಿದಾಗ ನೇಕಾರರು ಎರಡು ತುದಿ ಕೂಡಿಸಿ ಕಣ್ಣಿಗೂ ಕಾಣದಷ್ಟು ಸಣ್ಣ ಗಂಟು ಹಾಕುತ್ತಾರೆ. ನೂಲಿಗೆ ಅದು ಗಟ್ಟಿ. ದಪ್ಪ ಹಗ್ಗದಲ್ಲಿ ಹಾಕಿದರೆ ಎಮ್ಮೆ ಕುತ್ತಿಗೆ ಕೊಡವಿದೊಡನೆ ಬಿಚ್ಚಿಹೋಗುತ್ತದೆ. ಕಾಕಾ ದನದ ಗಂಟು ಹೇಗೆಂದು ತೋರಿಸಿಕೊಟ್ಟ. ಅಕ್ಕ ಬೇಗ ಕಲಿತಳು. ಅಪ್ಪನ ಬೆರಳು ಕಲಿಯಲಿಲ್ಲ. ಅಂದಿನಿಂದ ಕಟ್ಟುವ ಕೆಲಸ ಅಕ್ಕನದಾಯಿತು. ಮೇವು ಹೊಂದಿಸುವುದೂ ಅವಳದೇ, ಬಾವಿಯಿಂದ ಹೆಚ್ಚಿಗೆ ನೀರು ಹೊರುವುದೂ ಅವಳದೇ.

ಎಮ್ಮೆ ಮಾತ್ರ ಬಹಳ ಸಾಧು. ಎಷ್ಟು ಹಾಕಿದರೆ ಅಷ್ಟೇ ತಿಂದು, ಬಂದಷ್ಟು ಹಾಲು ಕೊಡುತ್ತಿತ್ತು.

ನಾನು ಹೇಳಬೇಕೆಂದದ್ದು ಪಂಚಮಿ ಹಬ್ಬಕ್ಕೆ ಮುಂಚಿನ ಒಂದು ದಿನದ ಕತೆ. ಆ ಸಲ ಸಾವುಕಾರರು ಮೊದಲನೆಯ ಬಾರಿಗೆ ಅಪ್ಪನನ್ನು ನಂಬಿ ರೇಷ್ಮೆ ಹಾಸು ಕೊಟ್ಟಿದ್ದರು. ನೂಲು ಅವರದು, ನೇಯ್ಗೆ ನಮ್ಮದು. ಅದನ್ನು ಹಬ್ಬದೊಳಗೆ ಚೊಕ್ಕ ನೇಯ್ದು ಕೊಟ್ಟರೆ ಮುಂದೆಯೂ ರೇಷ್ಮೆ ಕೊಡುತ್ತೇನೆ ಅಂದಿದ್ದರು. ಕೆಟ್ಟರೆ ಹತ್ತಿಯ ನೂಲೂ ಇಲ್ಲ. ದಾಳಿಂಬೆ ಬಣ್ಣದ ಹಾಸು ಅದು. ಬೆಳಕಿಂಡಿಯ ಬಿಸಿಲು ಬಿದ್ದರೆ ನಮ್ಮ ಮಣ್ಣಿನ ಗೋಡೆಯೂ ಕೆಂಪಾಗುತ್ತಿತ್ತು. ಅಪ್ಪ ಕೈ ತೊಳೆಯದೆ ಮಗ್ಗಕ್ಕೆ ಕೂರುತ್ತಿರಲಿಲ್ಲ, ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಆ ದಿನ ಬೆಳಗಿನಿಂದ ಬಿಡದೆ ಮಳೆ. ಗಟಾರ ಉಕ್ಕಿ ಬಾಗಿಲ ಕಲ್ಲಿನವರೆಗೆ ನೀರು ಬಂತು. ಎಮ್ಮೆ ನೋಡಲು ಸಾಹೇಬರು ಬರುವುದೂ ಅವತ್ತೇ. ಅದು ರಾಡಿಯಲ್ಲಿ ನಿಂತು ನಡುಗುತ್ತಿತ್ತು. ಅವ್ವನಿಗೆ ತಡೆಯಲಾಗಲಿಲ್ಲ. "ತೊಯ್ಯಬಾರದ್ದನ್ನೆಲ್ಲಾ ಒಳಗ ಇಡ್ತೀವಿ. ಇದನ್ನಷ್ಟ ಹೊರಗ ಹ್ಯಾಂಗ ಬಿಡೂದು? ಸಾಹೇಬ್ರು ನೋಡಿದ್ರ ಏನಂದಾರು?" ಅಂದಳು. ಅಕ್ಕ ಗೋಣಿಚೀಲದ ಕೊಪ್ಪೆ ಹೊದ್ದು ಮೇವಿಗೆ ಜೋಳದ ಕಣಿಕೆ ತರಲು ಹೋಗಿದ್ದಳು. ಅಪ್ಪನೇ ಎದ್ದು, ಎಮ್ಮೆಯ ತಲೆಯನ್ನು ಓರೆ ಮಾಡಿಸಿ, ಒಂದೊಂದೇ ಕೊಂಬು ಬಾಗಿಲಲ್ಲಿ ತೂರಿಸಿ ಒಳಗೆ ತಂದ. ಪಡಸಾಲೆಯ ಕಂಬಕ್ಕೆ ಕಟ್ಟಿದ. ಮತ್ತೆ ಕೈ ತೊಳೆದು ಕುಣಿಗೆ ಇಳಿದ. ಒದ್ದೆ ಎಮ್ಮೆಯ ಮೈಯಿಂದ ಆವಿ ಏಳುತ್ತಿತ್ತು. ಅದರ ಉಸಿರು, ಲಾಳಿಯ ಸದ್ದು, ಮಾಳಿಗೆಯ ಮೇಲೆ ಮಳೆ. ನನಗೆ ಏನೋ ಬೆಚ್ಚಗೆನಿಸಿತ್ತು.

ಮಧ್ಯಾಹ್ನ ಓಣಿಯ ಬಾಯಲ್ಲಿ ಜೀಪು ಬಂದು ಹಾರ್ನ್ ಹೊಡೆಯಿತು. ಅಪ್ಪ ಲಾಳಿ ಬಿಟ್ಟು, ಕುಣಿಯಿಂದ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಓಡಿದ. ಜೀಪು ಇನ್ನೊಮ್ಮೆ ಕೂಗಿತು. ಎಮ್ಮೆ ಬೆದರಿ ಕುತ್ತಿಗೆ ಕೊಡವಿತು. ಕಂಬದ ಹಗ್ಗ ಬಿಚ್ಚಿಕೊಂಡಿತು. ಅಪ್ಪ ಮರೆತು ನೂಲಿನ ಗಂಟು ಹಾಕಿದ್ದ.

ಎರಡು ಹೆಜ್ಜೆ ಅಷ್ಟೇ. ಅದರ ಮುಂಗಾಲು ಎರಡೂ ಕುಣಿಯೊಳಗೆ ಇಳಿದವು. ಎದೆ ಮಗ್ಗದ ಮೇಲೆ ಬಿತ್ತು, ಕೊಂಬು ಹಾಸಿನೊಳಗೆ ಸಿಕ್ಕಿತು. ಅದು ತಲೆ ಎತ್ತಿದಷ್ಟೂ ಎಳೆಗಳು ಕುತ್ತಿಗೆಗೆ ಬಿಗಿದವು. ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸಾಹೇಬರು ಛತ್ರಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಕಾಕಾ ಹಗ್ಗ ಹಿಡಿದು ಓಡಿ ಬಂದ. ಕಣಿಕೆ ಹೊತ್ತು ಬಂದ ಅಕ್ಕ ಹೊರೆ ಇಳಿಸುವುದನ್ನೇ ಮರೆತು ನಿಂತಳು. ಹಿಂದಕ್ಕೆ ಎಳೆಯಬೇಕೆಂದರೆ ಕೊಂಬು ಬಿಡಿಸಬೇಕು. ಕೊಂಬು ಬಿಡಿಸಬೇಕೆಂದರೆ ಹಾಸು ಕೊಯ್ಯಬೇಕು.

"ಕೊಯ್ಯೋ ಮಾರಾಯ, ಕಾಲು ಮುರಕೊಂತೈತಿ," ಅಂದ ಕಾಕಾ.

ಅಪ್ಪ ಅಲುಗಲಿಲ್ಲ. ಸಾಹೇಬರು ಮೆಲ್ಲಗೆ, "ಜೀವ ಉಳಿಸಬೇಕಲ್ಲಪ್ಪ, ಅದು ಸರಕಾರ ಕೊಟ್ಟದ್ದು" ಅಂದರು.

"ಎಮ್ಮಿ ಸರಕಾರದ್ದರಿ, ಹಾಸು ಸಾವುಕಾರರದರಿ," ಅಂದ ಅಪ್ಪ. ದನಿ ಏರಿರಲಿಲ್ಲ. "ನಂದು ಅಂತ ಇರೂದು ಈ ಕುಣಿ ಒಂದರಿ."

ಅವ್ವ ಒಲೆಯ ಕಡೆಯಿಂದ ಕುಡುಗೋಲು ತಂದು ಅವನ ಕೈಗಿಟ್ಟಳು. ಅಪ್ಪ ಹಾಸಿನ ಎಳೆಗಳಿಗೆ ಕೈ ಮುಗಿದು, ಎಮ್ಮೆಯ ಕುತ್ತಿಗೆಯ ಪಕ್ಕದಿಂದ ಕೊಯ್ಯತೊಡಗಿದ. ಬಿಗಿದ ರೇಷ್ಮೆ ಕೊಯ್ದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಎಳೆಗಳು ಉಸಿರು ಬಿಟ್ಟಂತೆ ಸಡಿಲಾಗಿ ಎರಡೂ ಕಡೆ ಜೋತುಬಿದ್ದವು. ಆಮೇಲೆ ಗಂಡಸರೆಲ್ಲ ಸೇರಿ ಎದೆಯ ಕೆಳಗೆ ಹಲಗೆ ಕೊಟ್ಟು ಎಮ್ಮೆಯನ್ನು ಹಿಂದಕ್ಕೆ ಎಳೆದರು. ಅದು ಏಳುವಾಗ ಉಳಿದ ರೇಷ್ಮೆಯನ್ನು ರಾಡಿಗಾಲಲ್ಲಿ ತುಳಿದು, ಅದರ ಮೇಲೆಯೇ ಸೆಗಣಿ ಹಾಕಿತು. ಪಾಪ, ಅದಕ್ಕೇನು ಗೊತ್ತು.

ಸಾಹೇಬರು ಹತ್ತಿರ ಬಂದು, ತಮ್ಮ ಕರವಸ್ತ್ರದಿಂದಲೇ ಅದರ ಕಿವಿಯ ಬಿಲ್ಲೆ ಒರೆಸಿ ನೋಡಿದರು. ಎಮ್ಮೆ ಇದೆ ಎಂದು ಬರೆದುಕೊಂಡರು. ಹೊರಡುವಾಗ, "ಮುಂದಿನ ಸಲ ಮಗ್ಗಾನ ಕೇಳಪಾ" ಅಂದರು.

"ಈ ಸಲಾನೂ ಅದನ್ನ ಕೇಳಿದ್ನಿರಿ," ಅಂದ ಅಪ್ಪ.

ಅವರು ಛತ್ರಿ ಬಿಚ್ಚಿಕೊಂಡು ಜೀಪಿನ ಕಡೆ ಹೋದರು.

ಆ ಸಂಜೆ ಅವ್ವ ಎಂದಿನಂತೆ ಚರಿಗೆ ಹಿಡಿದು ಹಿಂಡಲು ಕೂತಳು. ಎಮ್ಮೆ ಒಂದು ಕಾಲು ಎತ್ತಿಕೊಂಡೇ ನಿಂತು ಹಾಲು ಕೊಟ್ಟಿತು. ಬಿಸಿಬಿಸಿ ನೊರೆಹಾಲು. ನಮಗೆಲ್ಲ ಒಂದೊಂದು ಲೋಟ ಬಂತು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ನಾವು ಹಾಲು ಕುಡಿಯುವ ಸದ್ದು ನಮಗೇ ಕೇಳಿ ನಾಚಿಕೆಯಾಯಿತು. ಅಪ್ಪ ತನ್ನ ಲೋಟವನ್ನು ಅಕ್ಕನ ಕಡೆ ಸರಿಸಿದ.

ಮರುದಿನ ಅಪ್ಪ ಕೆಟ್ಟ ರೇಷ್ಮೆಯನ್ನು ಗಂಟು ಕಟ್ಟಿಕೊಂಡು ಸಾವುಕಾರರ ಮನೆಗೆ ಹೋದ. ಮುಂದೆ ಅವರ ಕಾರಖಾನೆಯಲ್ಲೇ, ಅವರ ಮಗ್ಗದಲ್ಲಿ ಕೂತು ದುಡಿದ. ನಮ್ಮ ಮಗ್ಗದ ಹುಳ ತಿಂದ ಕಟ್ಟಿಗೆ ಒಂದೊಂದಾಗಿ ಒಲೆಗೆ ಹೋಯಿತು. ಎಮ್ಮೆ ಕುಂಟುತ್ತಲೇ ಇತ್ತು. ಹಾಲು ಬತ್ತಿದ ಮೇಲೂ ಅಕ್ಕ ಅದಕ್ಕೆ ನೀರು ಹೊತ್ತಳು, ಯಾಕೆಂದರೆ ಮಾರುವ ಹಾಗಿರಲಿಲ್ಲವಲ್ಲ. ಒಂದು ಬೇಸಿಗೆಯಲ್ಲಿ ಅದು ಮಲಗಿದ್ದು ಏಳಲಿಲ್ಲ. ಕುಣಿಗೆ ಅಪ್ಪನೇ ಮಣ್ಣು ತುಂಬಿದ.

ಈಗ ಅಲ್ಲಿ ಹೊಳೆಯುವ ಫರಸಿ ಕಲ್ಲಿನ ನೆಲ ಇದೆ. ನಿಮಗೆ ಸಾಲಿಯಲ್ಲಿ ಹಾಲು ಕೊಡುತ್ತಾರೆ, ತತ್ತಿ ಕೊಡುತ್ತಾರೆ. ಅದಕ್ಕಾಗಿ ಯಾರ ಅಕ್ಕನೂ ಮೇವು ಹೊರಬೇಕಿಲ್ಲ. ನೋಡಿದರೆ ನನಗೆ ಸಂತೋಷವೇ. ಮೊನ್ನೆ ಸರಕಾರದ ಹೊಸ ಯೋಜನೆಗೆಂದು ಸಂಘದ ಹೆಣ್ಣುಮಕ್ಕಳು ಮೊಬೈಲ್ ಹಿಡಿದು ಮನೆಗೆ ಬಂದಿದ್ದರು, ನಿಮಗೆ ನೆನಪಿರಬಹುದು. ನಿಮ್ಮವ್ವನನ್ನು ಎದುರಿಗೆ ಕೂರಿಸಿಕೊಂಡು, "ನಿಮಗೇನು ಬೇಕ್ರಿ ಅಕ್ಕಾರ?" ಎಂದು ಬಾಯಿತುಂಬ ಕೇಳಿದರು. ಖಾನಾವಳಿಗೆ ರೊಟ್ಟಿ ಬಡಿದು ಬಡಿದು ತೋಳು ಹಿಡಿದಿದೆ, ಒಂದು ರೊಟ್ಟಿ ಯಂತ್ರ ಬೇಕು ಅಂದಳು ನಿಮ್ಮವ್ವ. ಅವರು ತಲೆಯಾಡಿಸಿ ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ನಾನು, ಅಪ್ಪ ಇದ್ದಿದ್ದರೆ ಇದನ್ನು ನೋಡಿ ಹಿಗ್ಗುತ್ತಿದ್ದ ಅಂದುಕೊಂಡೆ.

ಕಳೆದ ವಾರ ಅವರಿಂದ ಬಂದದ್ದು ಹೊಲಿಗೆ ಯಂತ್ರ. ಇಡಲು ಬೇರೆ ಜಾಗವಿಲ್ಲದೆ ಅದನ್ನು ಕುಣಿ ಇದ್ದಲ್ಲೇ ಇಟ್ಟಿದ್ದೇವೆ. ನೀವು ಅದಕ್ಕೆ ಸಾಲಿ ಚೀಲ ನೇತುಹಾಕುತ್ತೀರಿ. ಅದು ಮೇವು ಕೇಳುವುದಿಲ್ಲ, ಹಾರ್ನಿಗೆ ಬೆದರುವುದಿಲ್ಲ. ನಿಮ್ಮವ್ವ ಅದರ ಮೇಲೊಂದು ಬಟ್ಟೆ ಹಾಸಿ, ಬಡಿದ ರೊಟ್ಟಿಗಳನ್ನು ಆರಲು ಇಡುತ್ತಾಳೆ. ಆಮೇಲೆ ಗೋಡೆಗೆ ಒರಗಿ ತನ್ನ ತೋಳು ತಾನೇ ಒತ್ತಿಕೊಳ್ಳುತ್ತಾಳೆ.