ಇಳಿಯದ ಹನ್ನೊಂದು ಕಿಲೊ

ನನ್ನ ಮೈಯಲ್ಲಿ ಅಕ್ಕನಿಗೆ ಬೇಕಾಗಿದ್ದದ್ದು ಒಂದು ಕಿಡ್ನಿ. ಅದಕ್ಕೆ ಅಡ್ಡ ನಿಂತದ್ದು ಹನ್ನೊಂದು ಕಿಲೊ ಕೊಬ್ಬು. ರಕ್ತದ ಗುಂಪು ಹೊಂದಿತ್ತು, ಉಳಿದ ಪರೀಕ್ಷೆಗಳೂ ಹೊಂದಿದ್ದವು. ಮಂಗಳೂರಿನ ಡಾಕ್ಟರು ಕಾಗದಗಳನ್ನೆಲ್ಲ ತಿರುವಿ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹನ್ನೊಂದು ಕಿಲೊ ಇಳಿಸಿಕೊಂಡು ಬನ್ನಿ. ಸಕ್ಕರೆಯೂ ಅಂಚಿನಲ್ಲಿದೆ. ಈಗಲೇ ತೆಗೆದರೆ ನಾಳೆ ನಿಮಗೇ ಇನ್ನೊಬ್ಬರದನ್ನು ಹುಡುಕಬೇಕಾದೀತು" ಎಂದರು. ಆರು ತಿಂಗಳ ಗಡುವು ಕೊಟ್ಟರು. ಅಕ್ಕನಿಗೆ ಮಕ್ಕಳಿಲ್ಲ, ಭಾವನಿಗೆ ಹಳೆಯ ಸಕ್ಕರೆ ಕಾಯಿಲೆ. ಉಳಿದವಳು ನಾನೊಬ್ಬಳು, ಅದೂ ಈ ಗಾತ್ರದವಳು.

ಅಕ್ಕ ಅಂಕೋಲೆಯಲ್ಲಿ, ನಾನು ಕಾರವಾರದಲ್ಲಿ. ವಾರಕ್ಕೆ ಮೂರು ದಿನ ಅವಳು ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಬಂದು, ಡಯಾಲಿಸಿಸ್ ಮುಗಿಸಿಕೊಂಡು, ಸಂಜೆ ಹಿಂತಿರುಗುತ್ತಿದ್ದಳು. ನನ್ನ ಕಚೇರಿ ಆಸ್ಪತ್ರೆಯಿಂದ ಐದು ನಿಮಿಷದ ದಾರಿ. ಯಂತ್ರಕ್ಕೆ ಹಚ್ಚುವ ಮೊದಲೂ ಬಿಡಿಸಿದ ಮೇಲೂ ಅವಳನ್ನು ತೂಗುತ್ತಿದ್ದರು. ಆ ತಕ್ಕಡಿಯ ಮೇಲೆ ನಾನೂ ಒಮ್ಮೆ ಹತ್ತಿ ಇಳಿಯುತ್ತಿದ್ದೆ. ಅಕ್ಕನ ಮೈಯಲ್ಲಿ ಕಟ್ಟಿಕೊಂಡ ನೀರನ್ನೆಲ್ಲ ಯಂತ್ರ ಹೀರಿ, ನಾಲ್ಕು ಗಂಟೆಯಲ್ಲಿ ಎರಡು ಕಿಲೊ ಇಳಿಸಿಬಿಡುತ್ತಿತ್ತು. ನನಗೆ ಒಂದು ಕಿಲೊ ಇಳಿಯಲು ಒಂದು ತಿಂಗಳು ಹಿಡಿಯಿತು.

"ನನ್ನ ಮಶೀನು ಚಲೋ ಅದೆ, ನೀನೂ ಬತ್ಯಾ?" ಎಂದು ಅಕ್ಕ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮೊದಲು ಹಿಡಿದದ್ದು ನಡಿಗೆ. ಬೆಳಗಿನ ಐದೂವರೆಗೆ ಕಡಲತಡಿಯಲ್ಲಿ ಒಂದು ಗಂಟೆ. ಒಣ ಮರಳಿನಲ್ಲಿ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಒದ್ದೆ ಮರಳಿನಲ್ಲಿ ನಡೆದರೆ ಶ್ರಮವೇ ಗೊತ್ತಾಗುವುದಿಲ್ಲ. ನಾನು ಪಾಪಪ್ರಜ್ಞೆ ಹೆಚ್ಚಾದ ದಿನ ಒಣ ಮರಳಿನಲ್ಲಿಯೂ ನಿದ್ದೆ ಸಾಲದ ದಿನ ಒದ್ದೆ ಮರಳಿನಲ್ಲಿಯೂ ನಡೆದೆ. ಎದುರಾದವರೆಲ್ಲ ಪಂಡಿತರು. ನಡಿಗೆಯಿಂದ ಏನೂ ಆಗುವುದಿಲ್ಲ, ಓಡಬೇಕು ಎಂದವರು ಇದ್ದರು. ಓಡಿದರೆ ಮೊಣಕಾಲು ಹೋಗುತ್ತದೆ, ಈಜಬೇಕು ಎಂದವರೂ ಇದ್ದರು. ಕಡಲ ಬದಿಯಲ್ಲೇ ಹುಟ್ಟಿದರೂ ನನಗೆ ಈಜು ಬಾರದು. ನಮ್ಮ ಮನೆಯ ಹೆಂಗಸರು ಯಾರೂ ಮೊಣಕಾಲಿಗಿಂತ ಮೇಲೆ ನೀರಿಗಿಳಿದವರಲ್ಲ.

ಎರಡನೆಯ ತಿಂಗಳು ಹಗ್ಗ ಜಿಗಿಯುವುದು. ಪುಸ್ತಕದಲ್ಲಿ ಓದಿದಂತೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕರಗಿಸುವುದು ಅದೇ. ನಿಜವಿರಬಹುದು. ಹತ್ತು ನಿಮಿಷದೊಳಗೆ ಎದೆ ಡೋಲು ಬಡಿಯುತ್ತಿತ್ತು. ಕೆಳಗಿನ ಮನೆಯವರು ಮೊದಲ ವಾರ ಸುಮ್ಮನಿದ್ದರು, ಎರಡನೆಯ ವಾರ ಮೇಲೆ ಬಂದು, ಏನಾದರೂ ಕುಟ್ಟುತ್ತಿದ್ದೀರಾ ಎಂದು ಕೇಳಿದರು. ಮೂರನೆಯ ವಾರ ಬಲ ಮೊಣಕಾಲು ಊದಿತು. ಹಗ್ಗವನ್ನು ಬಟ್ಟೆ ಒಣಗಿಸಲು ಕಟ್ಟಿದೆ.

ಆಮೇಲೆ ಮಗಳ ಹಳೆಯ ಸೈಕಲ್. ಮೊಣಕಾಲಿಗೆ ಭಾರ ಬೀಳುವುದಿಲ್ಲವೆಂಬ ಕಾರಣಕ್ಕೆ ಅದು ನನಗೆ ಎಲ್ಲಕ್ಕಿಂತ ಹಿಡಿಸಿತು. ಅರ್ಗಾದವರೆಗೆ ಹೋಗಿ ಬರುತ್ತಿದ್ದೆ. ಏರಿನಲ್ಲಿ ಉಸಿರು ಸಾಲದೆ ಇಳಿದು ತಳ್ಳುತ್ತಿದ್ದೆ, ಇಳಿಜಾರಿನಲ್ಲಿ ಸುಮ್ಮನೆ ಕುಳಿತು ಗಾಳಿಗೆ ಮುಖ ಒಡ್ಡುತ್ತಿದ್ದೆ. ಅಂದರೆ ಅರ್ಧ ದಾರಿ ನಡಿಗೆ, ಅರ್ಧ ದಾರಿ ಜಾತ್ರೆಯ ತೊಟ್ಟಿಲು. ನೌಕಾನೆಲೆಯ ಗೋಡೆಯ ಬದಿಗೆ ಸೈಕಲ್ ತಳ್ಳುವಾಗ ಹಿಂದಿನಿಂದ ಬಂದ ಲಾರಿಗಳು ಹಾರ್ನು ಬಾರಿಸಿದರೆ ಜೀವ ಬಾಯಿಗೆ ಬರುತ್ತಿತ್ತು. ನಾನು ಸತ್ತರೂ ಚಿಂತೆಯಿಲ್ಲ, ಕಿಡ್ನಿಗೆ ಪೆಟ್ಟಾಗಬಾರದು ಎಂದು ಒಂದು ದಿನ ನಿಜವಾಗಿಯೂ ಅಂದುಕೊಂಡೆ. ಅಂದುಕೊಂಡದ್ದಕ್ಕೆ ನನಗೇ ಭಯವಾಯಿತು.

ಕೊನೆಗೆ ಜಿಮ್ಮು. ಅಲ್ಲಿ ಕಲಿಸುವವರು ಹಣಕೋಣದವರು, ನೌಕಾನೆಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮನೆಮಾತು ಕೊಂಕಣಿ, ಹೆಂಗಸರನ್ನೆಲ್ಲ ಬಾಯಿ ಎಂದು ಕರೆಯುವವರು. ಓಡುವ ಪಟ್ಟಿ, ನಿಂತಲ್ಲೇ ತುಳಿಯುವ ಸೈಕಲ್, ದೋಣಿ ಹುಟ್ಟು ಹಾಕಿದ ಹಾಗೆ ಎಳೆಯುವ ಇನ್ನೊಂದು ಯಂತ್ರ, ಮೂರನ್ನೂ ತೋರಿಸಿದರು. ಇವುಗಳಲ್ಲಿ ತೂಕ ಬೇಗ ಇಳಿಸುವುದು ಯಾವುದು ಎಂದು ಕೇಳಿದೆ.

"ಓಡ್ರೆ ಜಾಸ್ತಿ ಕರಗ್ತದೆ ಬಾಯಿ, ಆದ್ರೆ ನಿಮ್ಮ ಮಂಡಿ ಓಡೂ ಮಂಡಿ ಅಲ್ಲ. ಸೈಕಲ್ ಮಂಡಿಗೆ ಚಲೋ, ಆದ್ರೆ ನೀವು ಕೂತ್ಕಂಡು ಆರಾಮ ಮಾಡ್ತ್ರಿ. ದಿನಾ ತಪ್ಪದೆ ಎಂತಾ ಮಾಡ್ತ್ರೋ ಅದೇ ದೊಡ್ಡದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಎಂದು ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಎಲ್ಲವನ್ನೂ ಮಾಡಿ ನೋಡಿದವಳು ನಾನು: ದಿನವೂ ಮಾಡಿದರೆ ನಡಿಗೆಯೂ ಸಾಕು, ನಡುನಡುವೆ ಬಿಟ್ಟರೆ ಓಟವೂ ದಂಡ. ಅವರು ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು.

"ಮಧ್ಯಾಹ್ನ ಎಂತಾ ಉಣ್ತ್ರಿ?"

"ಎರಡು ಚಪಾತಿ, ಪಲ್ಯ" ಎಂದು ಸುಳ್ಳು ಹೇಳಿದೆ.

ಮಧ್ಯಾಹ್ನ ನಾನು ಉಣ್ಣುತ್ತಿದ್ದದ್ದು ಅಕ್ಕ ತಂದ ಡಬ್ಬಿ. ಆಸ್ಪತ್ರೆಗೆ ಬರುವ ಮೂರೂ ದಿನ ಅವಳು ನಸುಕಿಗೇ ಎದ್ದು ಅಡಿಗೆ ಮಾಡಿ, ಸ್ಟೀಲಿನ ಮೂರು ಬಟ್ಟಲಿನ ಡಬ್ಬಿಯಲ್ಲಿ ತುಂಬಿ ತರುತ್ತಿದ್ದಳು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಬಂಗಡೆ ಸಾರು, ಶೆಟ್ಲಿ ಎಂದು ನಾವು ಕರೆಯುವ ಸಿಗಡಿಯ ಸುಕ್ಕೆ. ಯಾವುದೂ ಅವಳು ತಿನ್ನುವಂತಿರಲಿಲ್ಲ. ಎಳನೀರು, ಬಾಳೆಹಣ್ಣು, ಒಣಮೀನು, ಎಲ್ಲಕ್ಕೂ ತಡೆ. ನೀರನ್ನೂ ಅಳೆದು ಕುಡಿಯಬೇಕು. ಯಂತ್ರ ಬಿಟ್ಟ ಸುಸ್ತಿನಲ್ಲಿ ಗೋಡೆಗೆ ಒರಗಿ, ಹೊರಗಿನ ಬೆಂಚಿನ ಮೇಲೆ ಕುಳಿತು, ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಬಂಗಡೆಯ ತಲೆ ಚೀಪಿದೆನೋ ಇಲ್ಲವೋ ಎಂಬುದನ್ನೂ ನೋಡುತ್ತಿದ್ದಳು. "ಉಪ್ಪು ಸರಿ ಉಂಟಾ? ನಂಗೆ ರುಚಿ ನೋಡೂಕೆ ಆಗೂದಿಲ್ಲ" ಎನ್ನುತ್ತಿದ್ದಳು.

ಬೇಡ ಎನ್ನುವುದು ಹೇಗೆ? ಅವ್ವ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅವಳು ಶಾಲೆ ಬಿಟ್ಟು ಬೇರೆಯವರ ಗದ್ದೆಯಲ್ಲಿ ನಾಟಿಗೆ ಹೋದಳು, ಗೊಬ್ಬರ ಹೊತ್ತಳು, ಕಲ್ಲು ಹೊತ್ತಳು. ನಾನು ಓದಿ ಕಚೇರಿಯ ಕುರ್ಚಿಯಲ್ಲಿ ಕುಳಿತೆ, ಕುಳಿತು ಕುಳಿತು ಹೀಗಾದೆ. ಈಗ ಕಾರ್ಡಿಯೊ ಎಂದು ಹೆಸರಿಟ್ಟು ನಾನು ದಿನಕ್ಕೆ ಒಂದು ಗಂಟೆ ಮಾಡುತ್ತಿದ್ದದ್ದನ್ನು ಅವಳು ಮೂವತ್ತು ವರ್ಷ, ದಿನಕ್ಕೆ ಎಂಟು ಗಂಟೆ ಮಾಡಿದವಳು. ಎಂದೂ ಒಂದು ತೊಲ ಕೊಬ್ಬು ಅವಳ ಮೈಗೆ ಹತ್ತಲಿಲ್ಲ. ನಡುನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳೇ ಅವಳ ಕಿಡ್ನಿ ತಿಂದವು. ಅಂಥವಳು ಡಬ್ಬಿ ಬಿಚ್ಚಿ ಮುಂದಿಟ್ಟರೆ, ಇಷ್ಟು ಕ್ಯಾಲರಿ ಎಂದು ಲೆಕ್ಕ ಹೇಳುವ ನಾಲಗೆ ನನಗಿರಲಿಲ್ಲ. ನಮ್ಮಲ್ಲಿ ದಾರಿ ನಡೆದು ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ಅವಳೇ ದಾರಿ ನಡೆದು ಬಂದು ನನಗೆ ಉಣ್ಣಿಸುತ್ತಿದ್ದಳು. ಬೆಳಗಿನ ಬೆವರೆಲ್ಲ ಮಧ್ಯಾಹ್ನಕ್ಕೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿತ್ತು. ಸಂಜೆ ಕಚೇರಿಯ ಮೂರು ಮಹಡಿಯ ಮೆಟ್ಟಿಲನ್ನು ನಾಲ್ಕು ಸಲ ಹೆಚ್ಚಿಗೆ ಹತ್ತಿ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆರು ತಿಂಗಳು ಮುಗಿದು ಮಂಗಳೂರಿಗೆ ಹೋದಾಗ ಇಳಿದದ್ದು ಮೂರೂವರೆ ಕಿಲೊ. ಡಾಕ್ಟರು ಬೈಯಲಿಲ್ಲ. "ಇನ್ನು ಮೂರು ತಿಂಗಳು ನೋಡೋಣ. ನಿಮ್ಮ ಅಕ್ಕನಿಗೆ ಯಂತ್ರ ಎಷ್ಟು ಕಾಲ ಒಗ್ಗುತ್ತದೆ ಎಂದು ನಾನು ಹೇಳಲಾರೆ" ಎಂದರು. ನಾನು ಅಲ್ಲೇ ಅತ್ತೆ. ಅಕ್ಕ ಅಳಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು, ಬಹಳ ದಿನಗಳಿಂದ ಕಂಡಿರದಷ್ಟು ನೆಮ್ಮದಿಯಿಂದ ನಿದ್ದೆ ಮಾಡಿದಳು.

ಆ ಭಾನುವಾರ ಅಂಕೋಲೆಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಅವಳ ಮನೆಗೆ ಮೂರು ಕಿಲೊಮೀಟರ್. ರಿಕ್ಷಾ ಹತ್ತದೆ ಬಿರಬಿರನೆ ನಡೆದೆ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಒಲೆಯ ಮುಂದೆ ಸ್ಟೂಲಿನ ಮೇಲೆ ಕುಳಿತು, ಊದಿದ ಕಾಲನ್ನು ಒಂದು ಮಣೆಯ ಮೇಲಿಟ್ಟುಕೊಂಡು, ವಡೆ ಕರಿಯುತ್ತಿದ್ದಳು. ಪಕ್ಕದಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ತಾಟು ನನ್ನ ಮುಂದೆ ಬಂತು, ಐದು ವಡೆ. ಏನಾಯಿತೋ ಗೊತ್ತಿಲ್ಲ, ತಾಟನ್ನು ತಳ್ಳಿದೆ.

"ಡಾಕ್ಟ್ರು ಹೇಳಿದ್ದು ನೀನೂ ಕೇಳಿದಿ ಅಲ್ಲಾ ಅಕ್ಕಾ? ಮತ್ತೆ ಎಂತಕ್ಕೆ ಇದೆಲ್ಲಾ ಮಾಡ್ತಿ?"

ಅವಳು ಜಾರಕದಲ್ಲಿ ವಡೆ ಎತ್ತಿ ಎಣ್ಣೆ ಬಸಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ನಿನ್ನ ತೂಕ ಇಳೀಬಾರ್ದು ಅಂತ್ಲೇ ಮಾಡ್ತೆ."

ನನಗೆ ಕೇಳಿಸಿದ್ದು ಸರಿಯೇ ಎಂದು ಅವಳ ಮುಖ ನೋಡಿದೆ. ಈಗ ಅವಳೂ ನೋಡಿದಳು.

"ಬಾಯಲ್ಲಿ ಬ್ಯಾಡಾ ಅಂದ್ರೆ ನೀ ಕೇಳೂವಳಾ? ಸಣ್ಣಿರೂವಾಗಿಂದ ನಾ ಹೇಳಿದ್ದು ಒಂದೂ ಕೇಳಿದವ್ಳಲ್ಲ. ಉಣ್ಣು ಅಂದ್ರೆ ಮಾತ್ರ ಉಣ್ತಿ. ನಿಂಗೆ ಮಗಳಿದ್ದಾಳೆ. ನಾಳೆ ನಿಂದೂ ಕೆಟ್ರೆ ನಾ ಯಾರತ್ರ ಬೇಡೂದು? ಅವ್ವಂಗೆ ಎಂತಾ ಹೇಳೂದು?"

ನನಗೆ ಅಂದು ಬಂದಷ್ಟು ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ. ಕಿರುಚಿದೆ. ಕತ್ತಲೆಯಲ್ಲಿ ಎದ್ದು ನಡೆದದ್ದು, ಮಂಡಿ ಊದಿಸಿಕೊಂಡದ್ದು, ಲಾರಿಗೆ ಹೆದರಿದ್ದು, ಎಲ್ಲ ಹೇಳಿದೆ. ನೀನು ಸತ್ತರೆ ನಾನು ಯಾರನ್ನು ಅಕ್ಕಾ ಎಂದು ಕರೆಯಲಿ ಎಂದೂ ಕೇಳಿದೆ. ಅವಳು ಒಲೆ ಆರಿಸಿದಳು. ವಡೆಗಳ ಮೇಲೆ ಇನ್ನೊಂದು ತಾಟು ಮುಚ್ಚಿದಳು. ನಾನು ಉಣ್ಣದೆ ಹೊರಟೆ. ಆ ಮನೆಯಿಂದ ಉಣ್ಣದೆ ಹೊರಟದ್ದು ಅದೇ ಮೊದಲು. ತಿರುಗಿ ನೋಡಿದಾಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಮಂಗಳವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅಕ್ಕ ಹೊರಗಿನ ಬೆಂಚಿನ ಮೇಲೆ ಎಂದಿನ ಜಾಗದಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಡಬ್ಬಿ ಇರಲಿಲ್ಲ. ಇಷ್ಟು ದಿನ ಡಬ್ಬಿ ಹಿಡಿದ ಕೈಗಳಿಗೆ ಕೆಲಸವಿಲ್ಲದೆ, ಅವನ್ನು ಒಂದರ ಮೇಲೊಂದು ಇಟ್ಟು, ತೆಗೆದು, ಮತ್ತೆ ಇಟ್ಟಳು.

"ಇಂದು ಎಂತೂ ಮಾಡ್ಲಿಲ್ಲ" ಎಂದಳು.

ನನ್ನ ಕಿಡ್ನಿ ತೆಗೆದುಕೊಳ್ಳಲು ಒಪ್ಪಿದಳು ಎಂದು ಅದರಿಂದಲೇ ನನಗೆ ಗೊತ್ತಾಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇನ್ನೂ ಏಳೂವರೆ ಕಿಲೊ ಇತ್ತು, ಮೂರು ತಿಂಗಳಿತ್ತು, ನನ್ನ ಮಂಡಿ ಮತ್ತೆ ಊದಿತ್ತು. ಅವಳ ಪಕ್ಕ ಕುಳಿತು ಆ ಎರಡು ಕೈಗಳನ್ನು ಹಿಡಿದುಕೊಂಡೆ. ನನಗೆ ತುಂಬಾ ಹಸಿವಾಗಿತ್ತು. ಅವಳಿಗೆ ಹೇಳಲಿಲ್ಲ.